ಕೂಸಿನ ಕಾಮಾಲೆ ಮತ್ತು ಹನ್ನೊಂದು ಪುಟದ ಒಪ್ಪಿಗೆ ಪತ್ರ

ನಮ್ಮ ಮಗಳಿಗೆ ಈಗ ಎಂಟು ತಿಂಗಳು. ಶಸ್ತ್ರಚಿಕಿತ್ಸೆಯಾಗಿ ಆರು ತಿಂಗಳಿಗೆ ನಡೆಯಬೇಕಿದ್ದ ತಪಾಸಣೆಯನ್ನು ಬೆಂಗಳೂರಿನಲ್ಲಿ ಮುಗಿಸಿಕೊಂಡು ಕಳೆದ ವಾರವಷ್ಟೇ ಶಿರಸಿಗೆ ಮರಳಿದ್ದೇವೆ. ಹುಟ್ಟಿದ ಮಗುವಿನ ಕಾಮಾಲೆ ವಾರಗಳು ಕಳೆದರೂ ಇಳಿಯದೆ ಕಂಗಾಲಾಗಿರುವವರಿಗೂ, ಆಸ್ಪತ್ರೆಯಲ್ಲಿ ‘ಸಂಶೋಧನೆಗೆ ಒಪ್ಪಿಗೆ ಕೊಡಿ’ ಎಂದು ಕಾಗದ ಮುಂದಿಟ್ಟಾಗ ಯಾರನ್ನು ಕೇಳಬೇಕೆಂದು ತಿಳಿಯದವರಿಗೂ ಉಪಯೋಗವಾಗಲಿ ಎಂದು, ದಿನಗಳ ಲೆಕ್ಕ ಮರೆಯುವ ಮೊದಲೇ ಇದನ್ನು ಬರೆಯುತ್ತಿದ್ದೇನೆ.

ಮಗಳು ಹುಟ್ಟಿದ್ದು ಮೇ ತಿಂಗಳ ಕೊನೆಯ ವಾರ, ಹೆಂಡತಿಯ ತವರಾದ ಕುಮಟಾದಲ್ಲಿ. ತೂಕ 2.9 ಕಿಲೋ ಇತ್ತು. ಮೂರನೆಯ ದಿನ ಮೈ ಹಳದಿಯಾಯಿತು, ಎರಡು ದಿನ ನೀಲಿ ಬೆಳಕಿನಡಿ ಮಲಗಿಸಿದರು, ಕಡಿಮೆಯಾಯಿತೆಂದು ಮನೆಗೆ ಕಳುಹಿಸಿದರು. ಬೆಳಗಿನ ಎಳೆ ಬಿಸಿಲಿಗೆ ಹಿಡಿಯಿರಿ ಎಂದಿದ್ದರು. ಜೂನ್ ಮೊದಲ ವಾರದಲ್ಲಿ ನಮ್ಮ ಕರಾವಳಿಯಲ್ಲಿ ಬಿಸಿಲು ಎಲ್ಲಿಂದ ಬರಬೇಕು? ಎಣ್ಣೆ ನೀರು ಹಾಕುವಾಗ ಅತ್ತೆಯವರು “ಕೂಸಿಗೆ ಚೊಲೋ ಬಣ್ಣ ಬಂಜು” ಎಂದು ಸಂತೋಷಪಡುತ್ತಿದ್ದರು. ಮಗು ಚೆನ್ನಾಗಿ ಹಾಲು ಕುಡಿಯುತ್ತಿತ್ತು, ತೂಕವೂ ಏರುತ್ತಿತ್ತು. ನಾನು ಶಿರಸಿಯಲ್ಲಿ ಅಡಿಕೆ ವ್ಯಾಪಾರದ ಕಚೇರಿಯೊಂದರಲ್ಲಿ ಕೆಲಸ ಮಾಡುವವನಾದ್ದರಿಂದ ವಾರಕ್ಕೊಮ್ಮೆ ಘಟ್ಟ ಇಳಿದು ಹೋಗಿ ನೋಡಿ ಬರುತ್ತಿದ್ದೆ.

ಇಪ್ಪತ್ತಮೂರನೆಯ ದಿನವೂ ಕಣ್ಣಿನ ಬಿಳಿ ಭಾಗ ಹಳದಿಯಾಗಿಯೇ ಇದ್ದುದರಿಂದ ಒಬ್ಬ ವೈದ್ಯರಿಗೆ ತೋರಿಸಿದೆವು. ರಕ್ತದಲ್ಲಿ ಮೈಗೆ ಹಳದಿ ಬಣ್ಣ ತರುವ ಬಿಲಿರುಬಿನ್ ಒಟ್ಟು ಎಷ್ಟಿದೆಯೆಂದು ಮಾತ್ರ ಪರೀಕ್ಷೆ ಮಾಡಿಸಿ, ಇದು ಎದೆಹಾಲಿನ ಕಾಮಾಲೆ, ತಾನಾಗಿ ಹೋಗುತ್ತದೆ ಎಂದರು. ಎದೆಹಾಲು ಕುಡಿಯುವ ಅನೇಕ ಮಕ್ಕಳಲ್ಲಿ ಅದು ನಿಜವೂ ಹೌದು. ಆದರೆ ನನಗೆ ಆಗ ಗೊತ್ತಿಲ್ಲದಿದ್ದ, ಇದನ್ನು ಓದುವ ಪ್ರತಿಯೊಬ್ಬರೂ ತಿಳಿದಿರಬೇಕಾದ ವಿಷಯ ಒಂದಿದೆ. ಎರಡು ವಾರ ದಾಟಿದ ಕಾಮಾಲೆಯಲ್ಲಿ ಒಟ್ಟು ಬಿಲಿರುಬಿನ್ ಮಾತ್ರ ನೋಡಿದರೆ ಸಾಲದು, ‘ಡೈರೆಕ್ಟ್ ಬಿಲಿರುಬಿನ್’ (ಅದರಲ್ಲಿ ಯಕೃತ್ತು ಸಂಸ್ಕರಿಸಿದ ಪಾಲು) ಎಷ್ಟೆಂದು ಪ್ರತ್ಯೇಕವಾಗಿ ನೋಡಲೇಬೇಕು. ಅದು ಒಟ್ಟು ಮೊತ್ತದ ಐದರಲ್ಲೊಂದು ಪಾಲಿಗಿಂತ ಹೆಚ್ಚಿದ್ದರೆ ಎದೆಹಾಲಿನ ಮೇಲೆ ಹೊರಿಸಿ ಸುಮ್ಮನಿರುವಂತಿಲ್ಲ, ಯಕೃತ್ತನ್ನೂ ಪಿತ್ತನಾಳವನ್ನೂ ಪರೀಕ್ಷಿಸಬೇಕು. ಬಹುತೇಕ ಪ್ರಯೋಗಾಲಯಗಳಲ್ಲಿ ಎರಡನ್ನೂ ಒಂದೇ ರಕ್ತದ ಮಾದರಿಯಲ್ಲಿ ನೋಡಬಹುದು. ಆ ಒಂದು ಸಾಲು ಚೀಟಿಯಲ್ಲಿ ಇಲ್ಲದ್ದಕ್ಕೆ ನಾವು ಇಪ್ಪತ್ತು ದಿನ ಕಳೆದುಕೊಂಡೆವು.

ನಲವತ್ತಮೂರನೆಯ ದಿನ, ಒಂದೂವರೆ ತಿಂಗಳ ಲಸಿಕೆಗೆಂದು ಸರ್ಕಾರಿ ಕೇಂದ್ರಕ್ಕೆ ಕರೆದುಕೊಂಡು ಹೋದಾಗ, ತೊಡೆಗೆ ಸೂಜಿ ಚುಚ್ಚಲು ಬಟ್ಟೆ ಬಿಚ್ಚಿದ ಆರೋಗ್ಯ ಸಹಾಯಕಿ ಕೈ ತಡೆದು ನಿಂತರು. “ತಂಗಿ, ಎಷ್ಟು ದಿನ ಆಯ್ತು ಹೀಗೆ ಬೆಳ್ಳಗೆ ಹೋಗ್ತಾ?” ಎಂದು ಕೇಳಿದರು. ಹಳೆಯ ಪಂಚೆ ಹರಿದು ಮಾಡಿದ ಆ ಬಟ್ಟೆ ಇಂದಿಗೂ ನನ್ನ ಕಣ್ಣಮುಂದಿದೆ. ಮೂತ್ರ ತಾಗಿದ ಕಡೆ ಗಾಢ ಹಳದಿಯ ಕಲೆ. ನಡುವೆ, ನಮ್ಮ ಕಡೆ ಗೋಡೆಗೆ ಚಿತ್ತಾರ ಬರೆಯುವ ಶೇಡಿಯನ್ನು ನೀರಿನಲ್ಲಿ ಕಲಸಿಟ್ಟಂತಹ ಬೂದುಬಿಳಿಯ ಮಲ. ಮಗುವಿನ ಮೂತ್ರ ಬಟ್ಟೆಗೆ ಕಲೆ ಕಟ್ಟಬಾರದು, ಮಲ ಹಳದಿಯೋ ಹಸಿರೋ ಇರಬೇಕು. ಎರಡೂ ತಿರುಗುಮುರುಗಾಗಿದ್ದರೆ ಪಿತ್ತ ಕರುಳಿಗೆ ಇಳಿಯುತ್ತಿಲ್ಲ ಎಂದರ್ಥ ಎಂದು ಅವರು ನಿಂತಲ್ಲೇ ವಿವರಿಸಿದರು. ಮನೆಯಲ್ಲಿ ದಿನಕ್ಕೆ ಹತ್ತು ಬಟ್ಟೆ ಒಗೆಯುತ್ತಿದ್ದರೂ ಅದು ರೋಗದ ಲಕ್ಷಣವೆಂದು ಯಾರಿಗೂ ಹೊಳೆದಿರಲಿಲ್ಲ. ಅಂದಿನಿಂದ ನಾನು ಪ್ರತಿದಿನವೂ ಮಲದ ಬಣ್ಣದ ಫೋಟೋವನ್ನು ಹಗಲು ಬೆಳಕಿನಲ್ಲಿ ತೆಗೆದಿಡತೊಡಗಿದೆ. ಮುಂದೆ ವೈದ್ಯರು ಎಲ್ಲಕ್ಕಿಂತ ಮೊದಲು ಕೇಳಿದ್ದು ಅದನ್ನೇ.

ಅಂದು ಮಾಡಿಸಿದ ರಕ್ತ ಪರೀಕ್ಷೆಯ ವರದಿ ಮರುದಿನ ಬಂತು: ಒಟ್ಟು ಬಿಲಿರುಬಿನ್ 9.6, ಡೈರೆಕ್ಟ್ 6.1. ಪಿತ್ತನಾಳ ಮುಚ್ಚಿಹೋಗಿರುವ ಕಾಯಿಲೆ, ಅಂದರೆ ‘ಬಿಲಿಯರಿ ಅಟ್ರೀಸಿಯಾ’ ಇರಬಹುದು, ಮಕ್ಕಳ ಶಸ್ತ್ರವೈದ್ಯರು ಇರುವ ಕಡೆ ತಕ್ಷಣ ಹೋಗಬೇಕು, ಅರವತ್ತು ದಿನ ದಾಟಿಸಬೇಡಿ ಎಂದು ವೈದ್ಯರು ಹೇಳಿದರು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ನಮ್ಮ ಜನ ವರ್ಷಗಳಿಂದ ಏಕೆ ಕೂಗುತ್ತಿದ್ದಾರೆಂಬುದು ಆ ಸಂಜೆ ನನ್ನ ಹೊಟ್ಟೆಗೆ ತಟ್ಟಿತು. ನಾನು ಶಿರಸಿಗೆ ಮರಳಿದ್ದೆ, ದೇವಿಮನೆ ಘಟ್ಟದಲ್ಲಿ ರಸ್ತೆ ಬಂದಾಗಿತ್ತು, ಸಿದ್ದಾಪುರದ ಮೇಲೆ ಹೊನ್ನಾವರಕ್ಕಿಳಿದು ಸುತ್ತಿ ಕುಮಟಾ ತಲುಪುವಷ್ಟರಲ್ಲಿ ರಾತ್ರಿ ಹನ್ನೊಂದಾಗಿತ್ತು.

ನಲವತ್ತೈದನೆಯ ದಿನವೆಲ್ಲ ಕಾಗದಪತ್ರಕ್ಕೆ ಹೋಯಿತು. ಸರ್ಕಾರಿ ಆರೋಗ್ಯ ಯೋಜನೆಯ ನೆರವು ಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಮಗಳಿಗೆ ನಾಮಕರಣವೇ ಆಗಿರಲಿಲ್ಲವಾದ್ದರಿಂದ ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿಯಿತ್ತು. ರೇಷನ್ ಕಾರ್ಡ್ ಶಿರಸಿ ವಿಳಾಸದ್ದು, ಹುಟ್ಟಿದ್ದು ಕುಮಟಾದಲ್ಲಿ. ಇದೆಲ್ಲ ಸರಿಯಾಗುವವರೆಗೆ ಕಾಯಬೇಕೇನೋ ಎಂದು ಅರ್ಧ ದಿನ ಅಲೆದಾಡಿದೆ. ಕೊನೆಗೆ ತಿಳಿದದ್ದು, ಎಳೆಮಗುವನ್ನು ತಾಯಿಯ ಹೆಸರಿನಲ್ಲಿ, ‘ಇಂಥವರ ಮಗು’ ಎಂದು ನಮೂದಿಸಿ ದಾಖಲಿಸಿಕೊಳ್ಳುತ್ತಾರೆ ಎಂದು. ತಂದೆತಾಯಿಯ ಆಧಾರ್, ರೇಷನ್ ಕಾರ್ಡ್, ಜನನ ಪ್ರಮಾಣಪತ್ರ, ತಾಯಿ ಕಾರ್ಡ್, ಹೆರಿಗೆಯ ಡಿಸ್ಚಾರ್ಜ್ ಸಾರಾಂಶ, ಎಲ್ಲ ರಕ್ತ ಪರೀಕ್ಷೆಗಳ ವರದಿ, ಇವುಗಳ ನಾಲ್ಕು ನಾಲ್ಕು ಝೆರಾಕ್ಸ್ ಪ್ರತಿ ಮಾಡಿಸಿ ಹೊರಡಿ. ಹೆಸರು ಸೇರಿಸುವ ಕೆಲಸ ಆಮೇಲೆ ಮಾಡಬಹುದು. ಬಿಪಿಎಲ್ ಕುಟುಂಬಕ್ಕೆ ಈ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ನಮ್ಮದು ಎಪಿಎಲ್ ಕಾರ್ಡ್ ಆದ್ದರಿಂದ ಪ್ಯಾಕೇಜ್ ದರದ ಶೇ 30ರಷ್ಟು ಮಾತ್ರ ಸಿಕ್ಕಿತು.

ಮರುದಿನ ಸಂಜೆ ಪಂಚಗಂಗಾ ರೈಲು ಹತ್ತಿ ನಲವತ್ತೇಳನೆಯ ದಿನ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದೆವು. ಬೋಧನಾ ಆಸ್ಪತ್ರೆಯಲ್ಲಿ ಅಂದು ಹಾಸಿಗೆ ಖಾಲಿಯಿರಲಿಲ್ಲ, ದಿನಕ್ಕೆ 700 ರೂಪಾಯಿಯ ಕೋಣೆಯೊಂದನ್ನು ಹಿಡಿದು ಕಾದೆವು. ಎರಡು ದಿನ ಬಿಟ್ಟು ಸ್ಕ್ಯಾನಿಂಗ್ ಆಯಿತು. ಪಿತ್ತಕೋಶ ತುಂಬಿಕೊಂಡು ಕಾಣಬೇಕಾದರೆ ಮಗು ನಾಲ್ಕು ಗಂಟೆ ಹಾಲು ಕುಡಿಯದೆ ಇರಬೇಕು. ಐವತ್ತು ದಿನವೂ ತುಂಬದ ಮಗುವನ್ನು ನಾಲ್ಕು ಗಂಟೆ ಹಸಿವಿನಲ್ಲಿ ಇಡುವುದೆಂದರೆ ಏನೆಂದು ತಾಯಂದಿರಿಗೆ ಹೇಳಬೇಕಾಗಿಲ್ಲ. ತಾಯಿಯ ಎದೆಯ ವಾಸನೆ ಸಿಕ್ಕರೆ ಇನ್ನೂ ಜೋರಾಗಿ ಅಳುತ್ತದೆ ಎಂದು ನಾನೇ ಹೆಗಲಿಗೆ ಹಾಕಿಕೊಂಡು ಕಾರಿಡಾರಿನಲ್ಲಿ ನಡೆದೆ. ಪಿತ್ತಕೋಶ ಕುಗ್ಗಿಹೋಗಿ ಸರಿಯಾಗಿ ಕಾಣಲೇ ಇಲ್ಲ. ಪಿತ್ತ ಕರುಳಿಗೆ ಇಳಿಯುತ್ತಿದೆಯೇ ಎಂದು ನೋಡುವ ಹೈಡಾ ಸ್ಕ್ಯಾನ್ ಎಂಬುದೂ ಇದೆಯಂತೆ, ಆದರೆ ಅದಕ್ಕೆ ಮೊದಲು ಸುಮಾರು ಐದು ದಿನ ಒಂದು ಔಷಧಿ ಕೊಡಬೇಕಾಗುವುದರಿಂದ ಅಷ್ಟು ಕಾಯುವುದು ಬೇಡ, ಯಕೃತ್ತಿನಿಂದ ಸೂಜಿಯಲ್ಲಿ ಸಣ್ಣ ತುಣುಕು ತೆಗೆದು ನೋಡುತ್ತೇವೆ ಎಂದರು. ಪಿತ್ತ ಇಳಿಯದಿದ್ದರೆ ಕೆ ಜೀವಸತ್ವ ಮೈಗೆ ಹತ್ತುವುದಿಲ್ಲ, ರಕ್ತ ಹೆಪ್ಪುಗಟ್ಟುವುದು ತಡವಾಗುತ್ತದೆ. ಹಾಗಾಗಿ ಮೊದಲು ಮೂರು ದಿನ ಅದರ ಚುಚ್ಚುಮದ್ದು ಆಯಿತು.

ಆ ಮೂರು ದಿನಗಳ ನಡುವೆ, ಐವತ್ತೊಂದನೆಯ ದಿನದ ಸಂಜೆ, ಹಾವೇರಿ ಕಡೆಯ ಮಾತಿನ ಒಬ್ಬ ಯುವತಿ ಹಾಸಿಗೆಯ ಹತ್ತಿರ ಬಂದು ತಾನು ಸಂಶೋಧನಾ ಸಹಾಯಕಿಯೆಂದು ಪರಿಚಯಿಸಿಕೊಂಡು ಹನ್ನೊಂದು ಪುಟದ ಮಾಹಿತಿ ಮತ್ತು ಒಪ್ಪಿಗೆ ಪತ್ರವನ್ನು ಕೈಗಿಟ್ಟರು. ‘ಸಂಶೋಧನೆ’ ಎಂಬ ಪದ ಕಿವಿಗೆ ಬಿದ್ದೊಡನೆ ನನ್ನ ಹೆಂಡತಿ ಮಗುವನ್ನು ಎದೆಗೊತ್ತಿಕೊಂಡಳು. ನಮ್ಮ ಕೂಸಿನ ಮೇಲೆ ಪ್ರಯೋಗ ಮಾಡುತ್ತಾರೆ, ಇಲ್ಲವೆಂದರೆ ಚಿಕಿತ್ಸೆ ತಡಮಾಡುತ್ತಾರೆ ಎಂಬ ಎರಡು ಭಯ ನನಗೂ ಒಟ್ಟಿಗೇ ಹುಟ್ಟಿದವು. ಆಕೆ ಅವಸರ ಮಾಡಲಿಲ್ಲ, ಓದಿಕೊಳ್ಳಿ, ನಾಳೆ ಬೆಳಿಗ್ಗೆ ಬರುತ್ತೇನೆ ಎಂದು ಹೋದರು. ಯಾರಾದರೂ ನಿಂತಲ್ಲೇ ಸಹಿ ಹಾಕಿಸಲು ನೋಡಿದರೆ ನೀವಾಗಿಯೇ ಸಮಯ ಕೇಳಿ, ಅದು ನಿಮ್ಮ ಹಕ್ಕು.

ಪತ್ರ ಕನ್ನಡದಲ್ಲಿತ್ತು, ಆದರೆ ‘ಜೈವಿಕ ಸೂಚಕ’, ‘ಸಮ್ಮತಿಯ ಹಿಂತೆಗೆತ’ ಎಂಬಂಥ ಪದಗಳಿಂದ ತುಂಬಿತ್ತು. ವಾರ್ಡಿನ ದೀಪ ಆರಿಸಿದ ಮೇಲೆ ಕಾರಿಡಾರಿನ ಬೆಂಚಿನ ಮೇಲೆ ಕೂತು ಒಂದೊಂದೇ ಸಾಲನ್ನು ನಮ್ಮ ಮನೆಮಾತಿನಲ್ಲಿ ಹೆಂಡತಿಗೆ ಬಿಡಿಸಿ ಹೇಳಿದೆ. ಸಾರಾಂಶ ಇಷ್ಟು. ಪಿತ್ತನಾಳ ಮುಚ್ಚಿದ ಮಕ್ಕಳ ರಕ್ತದಲ್ಲಿ ಎಂಎಂಪಿ-7 ಎಂಬ ಪ್ರೊಟೀನು ಹೆಚ್ಚಾಗಿರುತ್ತದೆ; ಅದನ್ನು ಅಳೆದು, ಸೂಜಿ ಚುಚ್ಚಿ ಯಕೃತ್ತಿನ ತುಣುಕು ತೆಗೆಯದೆಯೇ ಕಾಯಿಲೆಯನ್ನು ಬೇಗ ಗುರುತಿಸಲು ಸಾಧ್ಯವೇ ಎಂಬುದು ಅವರ ಪ್ರಶ್ನೆ. ಹೊಸ ಔಷಧಿ ಯಾವುದೂ ಇಲ್ಲ. ಚಿಕಿತ್ಸೆಗೆಂದು ಹೇಗೂ ರಕ್ತ ತೆಗೆಯುವಾಗ ಇನ್ನೆರಡು ಮಿಲಿಲೀಟರ್ ಹೆಚ್ಚು ತೆಗೆಯುವುದು, ಯಕೃತ್ತಿನ ತುಣುಕಿನಲ್ಲಿ ಉಳಿದದ್ದನ್ನು ಪರೀಕ್ಷಿಸುವುದು, ಎರಡು ವರ್ಷದವರೆಗೆ ಮಗು ಹೇಗಿದೆಯೆಂದು ನೋಡುವುದು.

ಕ್ಯಾಲೆಂಡರಿನ ಹಾಳೆಯೊಂದರ ಹಿಂಬದಿಯಲ್ಲಿ ನಾವಿಬ್ಬರೂ ಪ್ರಶ್ನೆ ಬರೆದಿಟ್ಟುಕೊಂಡೆವು. ಬೇಡವೆಂದರೆ ಶಸ್ತ್ರಚಿಕಿತ್ಸೆಯ ಸರದಿ ಹಿಂದೆ ಹೋಗುವುದೇ? ಬೇರೆಯಾಗಿ ಚುಚ್ಚುತ್ತಾರೆಯೇ? ಖರ್ಚು ಯಾರದು? ಮಗುವಿನ ಹೆಸರು ಯಾರಿಗೆ ತಿಳಿಯುತ್ತದೆ? ರಕ್ತ ಎಲ್ಲಿಗೆ ಹೋಗುತ್ತದೆ? ನಡುವೆ ಬಿಡಬಹುದೇ? ಹೆಂಡತಿಯದು ಒಂದೇ ಪ್ರಶ್ನೆ, ಇಷ್ಟು ಸಣ್ಣ ಮೈಯಲ್ಲಿ ರಕ್ತವೇ ಎಷ್ಟಿರುತ್ತದೆ ಎಂದು. ಬೆಳಿಗ್ಗೆ ಶಸ್ತ್ರವೈದ್ಯರೇ ಬಂದು ಕೂತು ಉತ್ತರಿಸಿದರು. ಮಗುವಿನ ಮೈಯಲ್ಲಿ ಕಿಲೋಗೆ ಸುಮಾರು 80 ಮಿಲಿಲೀಟರ್ ರಕ್ತವಿರುತ್ತದೆ, 3.8 ಕಿಲೋದ ನಿಮ್ಮ ಮಗಳಲ್ಲಿ ಸುಮಾರು 300, ಅದರಲ್ಲಿ ಎರಡು ಮಿಲಿಲೀಟರ್ ಎಂದು ಲೆಕ್ಕ ಬರೆದು ತೋರಿಸಿದರು. ಬೇಡವೆಂದರೂ ಸರದಿ ಬದಲಾಗದು, ಯಾವಾಗ ಬೇಕಾದರೂ ಬಿಡಬಹುದು, ಕಾರಣ ಹೇಳಬೇಕಾಗಿಯೂ ಇಲ್ಲ, ಸಂಶೋಧನೆಯ ಪರೀಕ್ಷೆಗೆ ನಿಮ್ಮಿಂದ ಒಂದು ರೂಪಾಯಿ ತೆಗೆದುಕೊಳ್ಳುವುದಿಲ್ಲ, ದೂರಿದ್ದರೆ ಸಂಶೋಧನೆಗಳ ಮೇಲೆ ಕಣ್ಣಿಡುವ ನೀತಿ ಸಮಿತಿಗೆ ನೇರವಾಗಿ ಫೋನ್ ಮಾಡಿ ಎಂದು ಕೊನೆಯ ಪುಟದ ಸಂಖ್ಯೆಯನ್ನು ತೋರಿಸಿದರು.

ಒಂದು ಅಡ್ಡಮಾತು. ಹೊಸ ಔಷಧಿಯ ಪ್ರಯೋಗವಾದರೆ ನಿಯಮಗಳು ಇನ್ನೂ ಬಿಗಿ. ನಮ್ಮ ದೇಶದಲ್ಲಿ ಅದಕ್ಕೆ 2019ರ ಹೊಸ ಔಷಧಿ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳಿವೆ. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು. 2007ರಲ್ಲಿ ಆರಂಭವಾದ ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ ಜಾಲತಾಣದಲ್ಲಿ ಅಂಥ ಪ್ರಯೋಗಗಳನ್ನು ಮೊದಲೇ ನೋಂದಾಯಿಸುವುದು 2009ರಿಂದ ಕಡ್ಡಾಯವಾಗಿದೆ. ಪತ್ರದಲ್ಲಿ ನೋಂದಣಿ ಸಂಖ್ಯೆಯಿದ್ದರೆ ಯಾರು ಬೇಕಾದರೂ ಅಲ್ಲಿ ಹುಡುಕಿ ನೋಡಬಹುದು. ಏಳು ವರ್ಷ ದಾಟಿದ ಮಕ್ಕಳಾದರೆ ತಂದೆತಾಯಿಯ ಒಪ್ಪಿಗೆಯ ಜೊತೆಗೆ ಆ ಮಗುವನ್ನೂ ಕೇಳಬೇಕು. ಏನೇ ಆಗಲಿ, ಸಹಿ ಮಾಡಿದ ಪತ್ರದ ಒಂದು ಪ್ರತಿ ನಿಮ್ಮ ಕೈಗೆ ಬಾರದೆ ಎದ್ದು ಬರಬೇಡಿ.

ಇಷ್ಟೆಲ್ಲ ಕೇಳಿದ ಮೇಲೂ ನನ್ನ ಮನಸ್ಸು ಅರ್ಧದಲ್ಲೇ ಇತ್ತು. ಶಸ್ತ್ರಚಿಕಿತ್ಸೆಯ ನಂತರ ಪಿತ್ತ ಚೆನ್ನಾಗಿ ಹರಿಯಲು ಔಷಧಿ ಏನಾದರೂ ಇದೆಯೇ, ಸ್ಟಿರಾಯ್ಡ್ ಕೊಡುತ್ತಾರಂತಲ್ಲ ಎಂದು ಕೇಳಿದೆ. ಆಗ ವೈದ್ಯರು ಹೇಳಿದ ಸಂಗತಿಯೇ ನನ್ನ ಕೈಗೆ ಪೆನ್ನು ಕೊಟ್ಟಿತು. ಬಹಳ ಕಡೆ ಸ್ಟಿರಾಯ್ಡ್ ಕೊಡುತ್ತಿದ್ದರಂತೆ, ಒಳ್ಳೆಯದಾಗುತ್ತದೆಂಬ ನಂಬಿಕೆಯಿಂದ. ಅಮೆರಿಕದ 14 ಆಸ್ಪತ್ರೆಗಳಲ್ಲಿ 140 ಶಿಶುಗಳನ್ನು ಸೇರಿಸಿಕೊಂಡು, ಅರ್ಧದಷ್ಟು ಮಕ್ಕಳಿಗೆ ಹೆಚ್ಚಿನ ಪ್ರಮಾಣದ ಸ್ಟಿರಾಯ್ಡ್, ಉಳಿದವರಿಗೆ ಔಷಧಿಯಿಲ್ಲದ ದ್ರಾವಣ ಕೊಟ್ಟು ನೋಡಿದಾಗ, ಆರು ತಿಂಗಳಲ್ಲಿ ಪಿತ್ತ ಹರಿಯುವುದರಲ್ಲಿ ಖಚಿತವೆನ್ನುವಂಥ ವ್ಯತ್ಯಾಸವೇನೂ ಸಿಗಲಿಲ್ಲ. ಸ್ಟಿರಾಯ್ಡ್ ಪಡೆದವರಲ್ಲಿ ಗಂಭೀರ ತೊಂದರೆಗಳು ಮೊದಲೇ ಕಾಣಿಸಿಕೊಂಡವು. ಅದು 2014ರಲ್ಲಿ ಪ್ರಕಟವಾಯಿತು. “ಆ ನೂರಾ ನಲವತ್ತು ಮಕ್ಕಳ ಅಪ್ಪ ಅಮ್ಮ ಒಪ್ಪದಿದ್ದರೆ ನಾನು ಇವತ್ತು ನಿಮ್ಮ ಮಗಳಿಗೆ ಯೋಚನೆ ಮಾಡದೆ ಅದನ್ನೇ ಬರೆದುಕೊಡುತ್ತಿದ್ದೆನೋ ಏನೋ” ಎಂದರು. ಹೆಂಡತಿ ನನ್ನ ಮುಖ ನೋಡಿದಳು. ಒಬ್ಬರ ಸಹಿ ಸಾಕೆಂದರೂ ಇಬ್ಬರೂ ಹಾಕಿದೆವು. ಉಳಿದ ರಕ್ತವನ್ನು ಮುಂದಿನ ಬೇರೆ ಸಂಶೋಧನೆಗಳಿಗೆ ಇಟ್ಟುಕೊಳ್ಳಬಹುದೇ ಎಂಬ ಪ್ರತ್ಯೇಕ ಪ್ರಶ್ನೆಯ ಎದುರು ಮಾತ್ರ ‘ಬೇಡ’ ಎಂದು ಗುರುತು ಹಾಕಿದೆವು. ಯಾರೂ ಏಕೆಂದು ಕೇಳಲಿಲ್ಲ.

ಐವತ್ತಾರನೆಯ ದಿನ ಶಸ್ತ್ರಚಿಕಿತ್ಸೆ. ಜಪಾನಿನ ಮೊರಿಯೊ ಕಸಾಯಿ ಎಂಬ ಶಸ್ತ್ರವೈದ್ಯರು 1950ರ ದಶಕದಲ್ಲಿ ರೂಪಿಸಿದ ಕ್ರಮ ಇದು, ಅವರ ಹೆಸರಿನಿಂದಲೇ ‘ಕಸಾಯಿ’ ಎನ್ನುತ್ತಾರೆ. ಗಾಯದ ಕಲೆಯಂತೆ ಗಟ್ಟಿಯಾಗಿ ಮುಚ್ಚಿದ ನಾಳವನ್ನು ತೆಗೆದು, ಕರುಳಿನ ಒಂದು ಭಾಗವನ್ನು ಮೇಲೆತ್ತಿ ಯಕೃತ್ತಿಗೇ ಹೊಲಿಯುತ್ತಾರೆ. ಮೊದಲು ಹೊಟ್ಟೆ ತೆರೆದು ಬಣ್ಣದ್ರವ ಹಾಯಿಸಿ ಎಕ್ಸ್‌ರೇ ತೆಗೆದು ನಾಳ ಮುಚ್ಚಿರುವುದನ್ನು ಖಚಿತ ಮಾಡಿಕೊಂಡು ಆಮೇಲೆ ಮುಂದುವರಿಯುತ್ತಾರೆ. ಐದೂವರೆ ಗಂಟೆ ಹಿಡಿಯಿತು. ಇದು ಕಾಯಿಲೆಯನ್ನು ಬೇರುಸಮೇತ ಕಳೆಯುವ ಚಿಕಿತ್ಸೆಯಲ್ಲ, ಅನೇಕ ಮಕ್ಕಳಿಗೆ ಮುಂದೆ ಯಕೃತ್ತಿನ ಕಸಿ ಬೇಕಾಗುತ್ತದೆ ಎಂದು ವೈದ್ಯರು ಮೊದಲೇ ಹೇಳಿದ್ದರು. 1998ರಲ್ಲಿ ದೆಹಲಿಯಲ್ಲಿ ಭಾರತದಲ್ಲೇ ಮೊದಲ ಬಾರಿಗೆ ಯಶಸ್ವಿಯಾಗಿ ಯಕೃತ್ ಕಸಿಯಾದ ಮಗುವಿಗೂ ಇದೇ ಕಾಯಿಲೆ ಇತ್ತು, ತಂದೆಯೇ ದಾನಿ, ಆ ಮಗು ಬೆಳೆದು ವೈದ್ಯನಾಗಿದ್ದಾನೆ ಎಂಬುದನ್ನೂ ಅವರೇ ಹೇಳಿದರು. ಆ ಐದೂವರೆ ಗಂಟೆ ನಾನು ಹಿಡಿದುಕೊಂಡು ಕೂತದ್ದು ಆ ಒಂದು ಮಾತನ್ನು.

ಅನಂತರದ ದಿನಗಳಲ್ಲಿ ನಮ್ಮ ಜಗತ್ತೆಲ್ಲ ಮಲದ ಬಣ್ಣವೊಂದರಲ್ಲೇ ಇತ್ತು. ಮೂರನೆಯ ದಿನ ಬಿಳಿ. ನಾಲ್ಕನೆಯ ದಿನವೂ ಬಿಳಿ. ಐದನೆಯ ದಿನ ನಸುಕಿನಲ್ಲಿ, ವಾರ್ಡಿನ ಹೊರಗೆ ನೆಲದ ಮೇಲೆ ಮಲಗಿದ್ದ ನನ್ನನ್ನು ಹೆಂಡತಿ ಎಬ್ಬಿಸಿದಳು. “ಎದ್ದು ಬನ್ನಿ, ಹಸಿರು ಬಂಜು” ಎಂದಳು. ಬಟ್ಟೆಯ ಅಂಚಿನಲ್ಲಿ ಎಳೆ ಪಾಚಿಯಂಥ ಒಂದು ಗೆರೆ. ಅದರ ಫೋಟೋವನ್ನು ಕುಮಟಾಕ್ಕೂ ಶಿರಸಿಗೂ ಕಳುಹಿಸಿದೆವು; ಅತ್ತೆಯವರು ಮಹಾಗಣಪತಿಗೆ ಕಾಯಿ ಒಡೆಸಿದರಂತೆ.

ಎಪ್ಪತ್ತನೆಯ ದಿನ ಮನೆಗೆ ಬಿಟ್ಟರು. ಅಲ್ಲಿಯವರೆಗೆ ಕೈಯಿಂದ ಹೋದದ್ದು ಆಸ್ಪತ್ರೆಗೆ 1,62,000, ಕೋಣೆ ಊಟ ಓಡಾಟಕ್ಕೆ 31,000. ಈಗ ತಿಂಗಳಿಗೆ ಔಷಧಿಗೆ ಸುಮಾರು 3,200 ಬೇಕು: ಪಿತ್ತ ಹರಿಯಲು ಒಂದು, ಸೋಂಕು ತಡೆಯಲು ಒಂದು, ಎ, ಡಿ, ಇ, ಕೆ ಜೀವಸತ್ವಗಳ ಹನಿಗಳು, ಜೊತೆಗೆ ಪಿತ್ತದ ನೆರವಿಲ್ಲದೆಯೂ ಮೈಗೆ ಹತ್ತುವ ಎಂಸಿಟಿ ಎಣ್ಣೆ. ತೆಂಗಿನೆಣ್ಣೆಯಲ್ಲಿ ಅಂಥ ಕೊಬ್ಬಿನ ಅಂಶ ಇದೆ ಎಂದು ತಿಳಿದಾಗ ನಮ್ಮ ಮನೆಯವರು ಗಾಣದಿಂದ ತಂದು ಕೊಡಲು ಮುಂದಾದರು. ಎಷ್ಟು ಹನಿ, ಯಾವಾಗಿನಿಂದ ಎಂಬುದನ್ನು ಆಸ್ಪತ್ರೆಯ ಆಹಾರ ತಜ್ಞೆಯೇ ನಿರ್ಧರಿಸಬೇಕು, ಮನೆಯಲ್ಲಿ ಅಂದಾಜು ಮಾಡಬೇಡಿ. ಕಾಮಾಲೆಗೆ ನಾಟಿ ಮದ್ದು ಕೊಡುವವರ ವಿಳಾಸವನ್ನು ನಮಗೆ ಕನಿಷ್ಠ ಹತ್ತು ಜನ ಪ್ರೀತಿಯಿಂದ ಹೇಳಿದ್ದಾರೆ. ನಾಳವೇ ಮುಚ್ಚಿರುವಾಗ ಯಾವ ಸೊಪ್ಪಿನ ರಸವೂ ಅದನ್ನು ತೆರೆಯಲಾರದು, ಅಲ್ಲಿ ಕಳೆಯುವ ಒಂದೊಂದು ವಾರವೂ ಯಕೃತ್ತಿನಿಂದಲೇ ಕಳೆಯುತ್ತದೆ. ಇದನ್ನು ಹಿರಿಯರಿಗೆ ನೋವಾಗದಂತೆ, ಆದರೆ ಗಟ್ಟಿಯಾಗಿಯೇ ಹೇಳಿ.

ಕಸಾಯಿ ಆದ ಮಗುವಿಗೆ ಬರುವ ಜ್ವರ ಸಾಮಾನ್ಯ ಜ್ವರವಲ್ಲ. ಕರುಳಿನ ಸೋಂಕು ಯಕೃತ್ತಿನ ಪಿತ್ತನಾಳಗಳಿಗೆ ಏರಬಹುದು. ಆಗಸ್ಟ್ ಕೊನೆಯಲ್ಲಿ ಒಂದು ರಾತ್ರಿ ಮಗಳಿಗೆ 101 ಡಿಗ್ರಿ ಜ್ವರ ಬಂದು ಬೆಳಗಿನೊಳಗೆ ಮಲ ಮತ್ತೆ ಬಿಳಿಚಿತು. ನಾವು ಹೋದ ಕಡೆ ಇದ್ದ ಕಿರಿಯ ವೈದ್ಯರು ಮಳೆಗಾಲದ ವೈರಲ್ ಜ್ವರ, ಸಿರಪ್ ಸಾಕು ಎಂದರು. ಜ್ವರ ಬಂದರೆ ರೋಗಾಣು ಪತ್ತೆಯ ಕಲ್ಚರ್ ಪರೀಕ್ಷೆಗೆ ರಕ್ತ ತೆಗೆದು ಇಂಥ ಆಂಟಿಬಯಾಟಿಕ್ಕನ್ನು ರಕ್ತನಾಳಕ್ಕೆ ಕೂಡಲೇ ಆರಂಭಿಸಿ ಎಂದು ಆಸ್ಪತ್ರೆ ಬರೆದುಕೊಟ್ಟಿದ್ದ ಪತ್ರ ನನ್ನ ಜೇಬಿನಲ್ಲಿತ್ತು. ಅದನ್ನು ತೋರಿಸಿ, ಫೋನಿನಲ್ಲಿ ಬೆಂಗಳೂರಿನ ವೈದ್ಯರೊಂದಿಗೆ ಮಾತನಾಡಿಸಿದ ಮೇಲೆ ಮೊದಲ ಡೋಸ್ ಕೊಟ್ಟರು. ಬಾಡಿಗೆ ಕಾರಿಗೆ 11,500 ಕೊಟ್ಟು ಅದೇ ದಿನ ಹೊರಟೆವು, ಹತ್ತು ದಿನ ಆಸ್ಪತ್ರೆಯಲ್ಲಿದ್ದೆವು. ಅಂಥ ಪತ್ರವನ್ನು ಡಿಸ್ಚಾರ್ಜ್ ಆಗುವಾಗಲೇ ಕೇಳಿ ಬರೆಸಿಕೊಳ್ಳಿ, ಲ್ಯಾಮಿನೇಷನ್ ಮಾಡಿಸಿ ಮನೆಯಲ್ಲೊಂದು, ಜೇಬಿನಲ್ಲೊಂದು ಇಡಿ.

ಶಸ್ತ್ರಚಿಕಿತ್ಸೆಯಾಗಿ ಮೂರು ತಿಂಗಳಿಗೆ ಒಟ್ಟು ಬಿಲಿರುಬಿನ್ 1.7ಕ್ಕೆ ಇಳಿದಿತ್ತು. ಆ ಹೊತ್ತಿಗೆ ಎರಡರ ಕೆಳಗೆ ಬಂದರೆ ಒಳ್ಳೆಯ ಸೂಚನೆಯಂತೆ. ಈಗ 0.9. ಸಂಶೋಧನೆಯ ತಪಾಸಣೆಗಳನ್ನು ಚಿಕಿತ್ಸೆಯ ದಿನಗಳಿಗೇ ಹೊಂದಿಸಿ ಕೊಟ್ಟಿದ್ದರಿಂದ ಅದಕ್ಕಾಗಿ ಬೇರೆ ಪ್ರಯಾಣ ಬೀಳಲಿಲ್ಲ. ರೈಲಿನ ಖರ್ಚನ್ನು ಹಿಂದಿರುಗಿಸುತ್ತಾರೆ, ಆದರೆ ಟಿಕೆಟ್ಟಿನ ಮೂಲ ಪ್ರತಿ ಮತ್ತು ಪಾಸ್‌ಬುಕ್ಕಿನ ಝೆರಾಕ್ಸ್ ಬೇಕು. ನಾನು ಮೊದಲ ಸಲ ಟಿಕೆಟ್ ಕಳೆದುಕೊಂಡು ಅದನ್ನು ಬಿಟ್ಟುಕೊಡಬೇಕಾಯಿತು. ಕಳೆದ ವಾರ ಹೋದಾಗ ಅದೇ ಸಹಾಯಕಿಯನ್ನು ಕೇಳಿ, ಅಂದು ‘ಬೇಡ’ ಎಂದಿದ್ದ ಪ್ರಶ್ನೆಗೆ ಹೊಸ ಹಾಳೆಯಲ್ಲಿ ‘ಆಗಬಹುದು’ ಎಂದು ಬರೆದು ಇಬ್ಬರೂ ಸಹಿ ಹಾಕಿ ಬಂದೆವು.

ತೈವಾನಿನಲ್ಲಿ 2004ರಿಂದ ಪ್ರತಿ ಮಗುವಿನ ಆರೋಗ್ಯ ಪುಸ್ತಕದಲ್ಲೂ ಮಲದ ಬಣ್ಣಗಳ ಕಾರ್ಡ್ ಇರುತ್ತದೆಯಂತೆ. ಯಾವ ಬಣ್ಣ ಸರಿ, ಯಾವುದಾದರೆ ಕೂಡಲೇ ಫೋನ್ ಮಾಡಬೇಕು ಎಂದು ಮುದ್ರಿಸಿರುತ್ತಾರೆ. ವೈದ್ಯರು ಅದನ್ನು ತೋರಿಸಿದ ಮೇಲೆ ನನ್ನ ಫೋನಿನಲ್ಲಿದ್ದ ಚಿತ್ರಗಳಲ್ಲಿ ಆರನ್ನು ಅವರಿಂದಲೇ ಆರಿಸಿ, ಪ್ರತಿಯೊಂದರ ಕೆಳಗೆ ಏನು ಬರೆಯಬೇಕೆಂದು ಕೇಳಿಕೊಂಡು, ಶಿರಸಿಯ ಫೋಟೋ ಸ್ಟುಡಿಯೋದಲ್ಲಿ ದೊಡ್ಡದಾಗಿ ಮುದ್ರಿಸಿದೆ. ಮೊನ್ನೆ ಕುಮಟಾಕ್ಕೆ ಹೋಗಿ ಆ ಆರೋಗ್ಯ ಸಹಾಯಕಿಯ ಕೈಗೆ ಕೊಟ್ಟು ಬಂದೆ. ಅವರು ಮೊದಲು ಮಗಳ ಬಟ್ಟೆ ಬಿಚ್ಚಿ ನೋಡಿದರು, ಆಮೇಲೆ ಲಸಿಕೆ ಕೋಣೆಯ ಗೋಡೆಯಲ್ಲಿ ತಾಯಂದಿರು ಕೂರುವ ಬೆಂಚಿನ ಎದುರಿಗೇ ಅದನ್ನು ಅಂಟಿಸಿದರು.